ಅಳತೆಯ ಲೋಟದಲ್ಲಿ ಜರ್ದಾಳು ಹೂವು

ನಮ್ಮ ಮನೆಯಲ್ಲಿ ಚಹಾ ಕುಡಿಯುವುದಕ್ಕೇ ಕುತ್ತು ಬಂದದ್ದು ನನ್ನ ಹೆಂಡತಿ ಮಸ್ತೂರಾ ಕಲಾವಿದೆಯಾದ ದಿನ.

ಊರಿಗೆ ಊರೇ ಜೇಡಿಮಣ್ಣು ತುಳಿದು ಬಟ್ಟಲು ಮಾಡುವ ಈ ರಿಶ್ತಾನಿನಲ್ಲಿ ಅವಳೊಬ್ಬಳು ರೆಸಿನ್ ಹಿಡಿದಳು. ರೆಸಿನ್ ಎಂದರೆ ಜೇನಿನಂಥ ದ್ರವ. ಗಟ್ಟಿಕಾರಕವೆಂಬ ಇನ್ನೊಂದು ದ್ರವವನ್ನು ಅದಕ್ಕೆ ಅಳೆದು ಬೆರೆಸಿ, ಒಳಗೆ ಹೂವೋ ಎಲೆಯೋ ಇಟ್ಟು ಅಚ್ಚಿಗೆ ಹೊಯ್ದರೆ ಮರುದಿನಕ್ಕೆ ಗಾಜಿನ ಹಾಗೆ ಕಲ್ಲಾಗುತ್ತದೆ. ತೊಂದರೆಯೇನೆಂದರೆ, ಬೆರೆಸಿದ ಪಾತ್ರೆಯಲ್ಲಿ ಉಳಿದದ್ದೂ ಕಲ್ಲಾಗುತ್ತದೆ. ಅವಳು ಬೆರೆಸುತ್ತಿದ್ದದ್ದು ಚಹಾದ ಪಿಯಾಲೆಗಳಲ್ಲಿ. ನನ್ನ ಅಜ್ಜ ಸ್ವಂತ ಕೈಯಿಂದ ತಿರುಗಿಸಿ, ನೀಲಿ ಬಣ್ಣ ಬಳಿದು, ನನ್ನ ಅಮ್ಮನ ಮದುವೆಗೆಂದು ಕೊಟ್ಟ ಹನ್ನೆರಡು ಪಿಯಾಲೆಗಳಲ್ಲಿ ಏಳು ಆಗಲೇ ಹುತಾತ್ಮವಾಗಿದ್ದವು.

"ಮಗಾ, ಬಾಕಿ ಐದು ಯಾವಾಗ ಕಲ್ಲಾಗ್ತವೆ ಅಂತ ನಿನ್ನ ಹೆಂಡ್ತೀನ ಕೇಳು" ಎಂದಳು ಅಮ್ಮ. "ಅಷ್ಟರೊಳಗೆ ನಾನು ಚಹಾ ಕುಡಿದು ಮುಗಿಸ್ತೀನಿ."

"ಅಳತೆಗೆ ಸರಿಯಾದ ಪಾತ್ರೆ ಈ ಮನೇಲಿ ಬೇರೆ ಯಾವುದಿದೆ ಹೇಳಿ ಅತ್ತೆ!"

"ಕೈಯೇ ಅಳತೆ ಕಣೇ. ಐವತ್ತು ವರ್ಷ ಪಲಾವಿಗೆ ಉಪ್ಪು ಹಾಕಿದ್ದೀನಿ, ಅಳೆದು ಹಾಕಿಲ್ಲ."

"ಪಲಾವಿಗೆ ಉಪ್ಪು ಜಾಸ್ತಿ ಆದ್ರೆ ನೀರು ಹಾಕ್ಬಹುದು. ಇದಕ್ಕೆ ಹಾಕಕ್ಕಾಗಲ್ಲ."

"ಅಂದ್ರೆ ನನ್ನ ಪಲಾವಿಗೆ ಉಪ್ಪು ಜಾಸ್ತಿ ಅಂತಲಾ?"

ಪಲಾವಿನ ಮಾತು ಬಂದ ಮೇಲೆ ಗಂಡಸು ಸುಮ್ಮನಿರುವುದು ಅಪಾಯ. (ಮಾತಾಡುವುದು ಇನ್ನೂ ಅಪಾಯ.) ನಾನು ರಸಾಯನಶಾಸ್ತ್ರದ ಮೇಷ್ಟ್ರು, ನಮ್ಮ ವಂಶದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ. ವಿಜ್ಞಾನದ ಮರ್ಯಾದೆ ಉಳಿಸಲು ತಾಷ್ಕೆಂಟಿಗೆ ಹೋದಾಗ ಒಂದು ಸೆಟ್ಟು ತಂದೆ. ಸಿಲಿಕೋನಿನ ಒಂದು ದೊಡ್ಡ ಜಗ್ಗು, ಒಂಬತ್ತು ಲೋಟ, ಹೆಬ್ಬೆರಳಷ್ಟು ಒಂದು ಪುಟಾಣಿ ಬಟ್ಟಲು. ಎಲ್ಲದರ ಒಳಮೈಯಲ್ಲೂ ಉಬ್ಬಿದ ಗೀರು, ಅಂಕಿ. ರೆಸಿನ್ ಇದಕ್ಕೆ ಅಂಟುವುದಿಲ್ಲ. ಗಟ್ಟಿಯಾದ ಮೇಲೆ ಲೋಟ ಹಿಸುಕಿದರೆ ಉಳಿದದ್ದು ಬೇಯಿಸಿದ ಮೊಟ್ಟೆಯ ಸಿಪ್ಪೆಯಂತೆ ಕಳಚಿ ಬರುತ್ತದೆ. ಲೋಟ ಮತ್ತೆ ಹೊಸದು!

ಮೊದಲ ದಿನ ಅಮ್ಮ ದೂರದಿಂದಲೇ ನೋಡಿದಳು. ಎರಡನೆಯ ದಿನ ಒಂದು ಲೋಟ ಕಸಿದುಕೊಂಡು ತಾನೇ ಸುಲಿದಳು. ಮೂರನೆಯ ದಿನದಿಂದ ಸುಲಿಯುವ ಖಾತೆ ಪೂರ್ತಿ ಅವಳದಾಯಿತು. ಬೆಳಿಗ್ಗೆ ರೊಟ್ಟಿ ಮುರಿಯುವ ಮೊದಲು ಕಿಟಕಿಯ ಬಳಿ ಕೂತು, ನಾಲಗೆ ಹೊರಚಾಚಿ, ಲೋಟ ಹಿಸುಕುವಳು. ಮನೆಯಲ್ಲಿ ಶಾಂತಿ ನೆಲೆಸಿತು. ಅದು ನನ್ನಿಂದ ಎಂದು ನಾನು ದಿನಕ್ಕೆರಡು ಬಾರಿ ನೆನಪಿಸುತ್ತಿದ್ದೆ.

ಆಗ ಬಂತು ಮಸ್ತೂರಾಳ ಮೊದಲ ದೊಡ್ಡ ಕೆಲಸ. ಹಿಂದಿನ ಬೀದಿಯ ನಾಫಿಸಾ ಮದುವೆಯಾಗಿ ಮರುಭೂಮಿಯಾಚೆಯ ನುಕುಸ್‌ಗೆ ಹೊರಟಿದ್ದಳು. ತಾನು ಏರಿ ಆಡಿ ಬೆಳೆದ ಅಂಗಳದ ಜರ್ದಾಳು ಮರದ ಹೂವುಗಳನ್ನು ರೆಸಿನ್‌ನಲ್ಲಿ ಕೂರಿಸಿ ಒಂಬತ್ತು ಉಡುಗೊರೆ ಮಾಡಿಕೊಡಬೇಕೆಂದಳು. ಒಂಬತ್ತಕ್ಕೆ ಒಂದು ಕಡಿಮೆಯಾದರೂ ನಮ್ಮಲ್ಲಿ ಉಡುಗೊರೆ ಎನಿಸುವುದಿಲ್ಲ. ಮಸ್ತೂರಾ ಹೂವು ಒಣಗಿಸಿ ಸಕ್ಕರೆಯಷ್ಟು ಜೋಪಾನವಾಗಿ ಇಟ್ಟಿದ್ದಳು. ಮರ ಆಗಲೇ ಹೂವುದುರಿಸಿ ಹೀಚು ಕಟ್ಟಿತ್ತು. ಮದುವೆ ಭಾನುವಾರ.

"ಇದು ಕೆಟ್ರೆ ಮತ್ತೆ ಹೂವು ಮುಂದಿನ ವಸಂತಕ್ಕೇ. ಅಷ್ಟರಲ್ಲಿ ನಾಫಿಸಾಗೆ ಮಗು ಹುಟ್ಟಿರುತ್ತೆ" ಎಂದಳು ಮಸ್ತೂರಾ.

ಶುಕ್ರವಾರ ಬೆಳಿಗ್ಗೆ ಒಂಬತ್ತು ದುಂಡು ಅಚ್ಚುಗಳಿಗೆಂದು ಸಿಲಿಕೋನ್ ಹೊಯ್ದಳು. ಅದು ಗಟ್ಟಿಯಾಗಲು ಮರುದಿನವಾಗಬೇಕು. ಆರುನೂರು ಮಿಲಿಲೀಟರ್ ರೆಸಿನ್ ಜಗ್ಗಿಗೆ ಅಳೆದು, ಗುಳ್ಳೆ ಹೋಗಲೆಂದು ಬಿಸಿಲಿಗಿಟ್ಟಳು. "ಮುಟ್ಟಬೇಡಿ" ಎಂದು ಹೇಳಿ ಸಂತೆಗೆ ಹೋದಳು.

ಮುಟ್ಟಬೇಡಿ ಎನ್ನದಿದ್ದರೆ ನಾನು ಪತ್ರಿಕೆ ಓದುತ್ತಿದ್ದೆ. ಅಂದ ಮೇಲೆ ಕುತೂಹಲ ಹುಟ್ಟಿತು. ಒಂದು ಸಣ್ಣ ಪ್ರಯೋಗ ಮಾಡಿಟ್ಟರೆ ಅವಳಿಗೇ ಅನುಕೂಲವಲ್ಲವೇ? ಜಗ್ಗಿನಿಂದ ಲೋಟಕ್ಕೆ ನಲವತ್ತು ರೆಸಿನ್, ಅದಕ್ಕೆ ಇಪ್ಪತ್ತು ಗಟ್ಟಿಕಾರಕ. ಅಳತೆ ಕೂದಲಷ್ಟೂ ತಪ್ಪಲಿಲ್ಲ! ಕಡ್ಡಿಯಿಂದ ಕಲಕಿದೆ. ಒಳಗೆ ಹೊಗೆಯಂತೆ ಎಳೆ ಎಳೆ ಕಾಣುತ್ತಿತ್ತು, ಚೆನ್ನಾಗಿ ಬೆರೆತಿರಲಿಲ್ಲ.

ಇಲ್ಲಿಂದ ಮುಂದಿನದು ನನ್ನ ತಪ್ಪಲ್ಲ, ನನ್ನ ಕೈಯದು. ನಾವು ಐದನೆಯ ವಯಸ್ಸಿಗೇ ಚಹಾ ಮಾಡಲು ಕಲಿಯುತ್ತೇವೆ. ಕುದಿದ ಚಹಾವನ್ನು ಪಿಯಾಲೆಗೆ ಸುರಿದು ಮತ್ತೆ ಕೆಟಲಿಗೇ ಹೊಯ್ಯಬೇಕು, ಹಾಗೆ ಮೂರು ಸಲ. ಅದಕ್ಕೆ ಕಯ್ತರ್ಮಾ ಎನ್ನುತ್ತೇವೆ. ಅದಿಲ್ಲದೆ ಕೊಟ್ಟರೆ ಅತಿಥಿಗೆ ಅವಮಾನ. ನಲವತ್ತು ವರ್ಷ ಅದನ್ನೇ ಮಾಡಿದ ಕೈ, ಬೆರೆತಿಲ್ಲವೆಂದು ಕಂಡದ್ದೇ ತಡ, ಲೋಟವನ್ನೆತ್ತಿ ಜಗ್ಗಿಗೆ ಸುರಿಯಿತು. ಜಗ್ಗಿನಿಂದ ಲೋಟಕ್ಕೆ. ಲೋಟದಿಂದ ಜಗ್ಗಿಗೆ. ಮೂರು ಸಲ ಮುಗಿದಾಗ ಎದೆಯಲ್ಲಿ ಎಂಥ ತೃಪ್ತಿ! ಆಮೇಲೆ ರಸಾಯನಶಾಸ್ತ್ರ ನೆನಪಾಯಿತು.

ಅಷ್ಟರಲ್ಲಿ ಬಾಗಿಲು ಸದ್ದಾಯಿತು.

"ಏನ್ರೀ ಮಾಡಿದ್ರಿ?"

"ಕಯ್ತರ್ಮಾ."

"ಯಾವುದಕ್ಕೆ?"

ನಾನು ಜಗ್ಗಿನತ್ತ ಬೆರಳು ತೋರಿಸಿದೆ. ಅವಳು ಕಿರುಚಲಿಲ್ಲ. ಕಿರುಚಿದ್ದರೆ ಧೈರ್ಯ ಬರುತ್ತಿತ್ತು.

"ಗಟ್ಟಿಕಾರಕ ಎಷ್ಟು ಹಾಕಿದ್ರಿ?"

"ಇಪ್ಪತ್ತು."

"ಹಾಗಾದ್ರೆ ಇನ್ನೂ ಇನ್ನೂರೆಂಬತ್ತು ಹಾಕಿ, ಅಳೆದು! ಹೀಗೇ ಬಿಟ್ರೆ ಎಲ್ಲಾ ಅಂಟು ಹಲ್ವ ಆಗುತ್ತೆ. ಬೆರೆಸಿದ ಮೇಲೆ ನಮಗೆ ಅರ್ಧ ಗಂಟೆ ಅಷ್ಟೇ."

ಮದುವೆಗೆ ಎರಡು ದಿನ ಮೊದಲೇ ನಮ್ಮ ಮನೆಯಲ್ಲಿ ಗಟ್ಟಿಮೇಳ! ಆದರೆ ಹೊಯ್ಯುವುದು ಎಲ್ಲಿಗೆ? ಅಚ್ಚುಗಳಿನ್ನೂ ಮೊಸರಿನಂತಿದ್ದವು. ಮಸ್ತೂರಾ ಕಲಕುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಜಗ್ಗು ಬೆಚ್ಚಗಾಗತೊಡಗಿತ್ತು.

ಅಮ್ಮ ಒಳಗಿನಿಂದ ಐದು ಪಿಯಾಲೆ ತಂದು ಮುಂದಿಟ್ಟಳು. "ಇದಕ್ಕೆ ಸುರಿ."

"ಹೊರಗೆ ಬರಲ್ಲ ಅತ್ತೆ. ಪಿಯಾಲೆ ಒಡೀಬೇಕಾಗುತ್ತೆ."

"ಒಡಿ. ನಮ್ಮಪ್ಪ ಕೊಟ್ಟಿದ್ದೂ ಮದುವೆಗೇ."

ಮಸ್ತೂರಾ ಎದ್ದು ಅಮ್ಮನ ಭುಜಕ್ಕೆ ಹಣೆಯಿಟ್ಟಳು. ಅಮ್ಮ ಅವಳನ್ನು ಮೆಲ್ಲಗೆ ತಳ್ಳಿ, "ಅಳೋಕೆ ಟೈಮಿಲ್ಲ. ಅದಿರಲಿ, ಈ ರಬ್ಬರ್ ಲೋಟಗಳಿಗೇ ಯಾಕೆ ಸುರೀಬಾರ್ದು? ದಿನಾ ಸುಲಿಯೋದು ನಾನೇ ತಾನೆ?" ಎಂದಳು.

ಪದವೀಧರನಿಗೆ ಹೊಳೆಯದ ಮಾತು! ನಾವು ಮೂವರೂ ನೆಲಕ್ಕೆ ಕೂತೆವು. ಅಮ್ಮ ಲೋಟ ಸಾಲಾಗಿಟ್ಟಳು, ನಾನು ಹೊಯ್ದೆ, ಮಸ್ತೂರಾ ಚಿಮಟದಲ್ಲಿ ಒಂದೊಂದೇ ಹೂವು ಇಳಿಸಿದಳು. ಕೊನೆಯ ಲೋಟ ತುಂಬುವಾಗ ರೆಸಿನ್ ಆಗಲೇ ಪಾಕದಂತೆ ನೂಲೆಳೆಯುತ್ತಿತ್ತು.

ಶನಿವಾರ ಅಮ್ಮ ಸುಲಿದಳು. ಒಂಬತ್ತು ತಿಳಿಯಾದ ಗಿಡ್ಡ ಕಂಬಗಳು, ಒಳಗೆ ಕೊಂಬೆಯಿಂದ ಆಗಷ್ಟೇ ಹಾರಿದಂಥ ಹೂವು. ಜೊತೆಗೆ ಪ್ರತಿಯೊಂದರ ಮೈಮೇಲೆ ಅಚ್ಚೊತ್ತಿದಂತೆ 20, 40, 60, 80, 100.

"ಮದುವೆ ಉಡುಗೊರೆ ಮೇಲೆ ಮಿಲಿಲೀಟರು!" ಮಸ್ತೂರಾ ತಲೆ ಹಿಡಿದುಕೊಂಡಳು. "ಯಾವ ಮುಖ ಹೊತ್ಕೊಂಡು ಕೊಡ್ಲಿ?"

ಉಡುಗೊರೆ ಆ ಮಧ್ಯಾಹ್ನವೇ ತಲುಪಬೇಕಿತ್ತು, ಉಜ್ಜಲು ಸಮಯವಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಮದುವೆಮನೆಗೆ ಹೊರಟೆವು. ನಾಫಿಸಾಳ ಅಜ್ಜಿ ರಿಸಾಲತ್ ಒಂದನ್ನೆತ್ತಿ ಬೆಳಕಿಗೆ ಹಿಡಿದಳು.

"ಇಪ್ಪತ್ತರಲ್ಲಿ ಮೊಗ್ಗು" ಎಂದು ಓದತೊಡಗಿದಳು ಅಜ್ಜಿ. "ನಲವತ್ತರಲ್ಲಿ ಎರಡು ಹೂವು. ಅರವತ್ತರಲ್ಲಿ ಇದೇನು, ಗುಳ್ಳೆ?"

"ಅದು ಗಾಳಿ..." ಎಂದು ನಾನು ಬಾಯಿ ತೆರೆದೆ.

"ಗೊತ್ತು ಬಿಡಪ್ಪ, ಮಂಡಿನೋವು. ನನಗೂ ಅರವತ್ತನೇ ವಯಸ್ಸಿಗೇ ಶುರುವಾಗಿದ್ದು. ಎಂಬತ್ತರಲ್ಲಿ ಮತ್ತೆ ಹೂವು. ಹ್ಞಾ, ನನಗೀಗ ಎಂಬತ್ತನಾಲ್ಕು, ನಿಜ, ಇದೆ. ನೂರರಲ್ಲೂ ಹೂವು!" ಅವಳು ಮೊಮ್ಮಗಳ ಕಡೆ ತಿರುಗಿದಳು. "ನೂರು ವರ್ಷ ಬಾಳು ಅಂತ ನಾವೆಲ್ಲ ಬಾಯಲ್ಲಿ ಹರಸ್ತೀವಿ. ಈ ಹುಡುಗಿ ಹೂವಲ್ಲಿ ಬರೆದೇ ಕೊಟ್ಟಿದ್ದಾಳೆ ನೋಡೇ!"

ನಾಫಿಸಾ ನಗುತ್ತಲೇ ಅತ್ತಳು. ಅಂಗಳದಿಂದ ಹೊರಡುವಷ್ಟರಲ್ಲಿ ಮೂರು ಮನೆಯವರು "ನಮಗೂ ಬೇಕು, ವರ್ಷ ಬರೆದದ್ದೇ ಬೇಕು" ಎಂದಿದ್ದರು. ಇದನ್ನು ಯೋಚಿಸಿದವರು ಯಾರೆಂದು ಯಾರೋ ಕೇಳಿದರು. ನಾನು ಕೋಟು ಸರಿಮಾಡಿಕೊಂಡೆ. "ನಮ್ಮತ್ತೆ" ಎಂದಳು ಮಸ್ತೂರಾ.

ಸಂಜೆ ಮಾತ್ರ ಅವಳಿಗೆ ಕರುಣೆ ಬಂದಂತಿತ್ತು. ನನ್ನ ಅಂಗೈಯಲ್ಲೊಂದು ಕೋಟಿನ ಗುಂಡಿಯಷ್ಟು ರೆಸಿನ್ ಇಟ್ಟಳು, ಒಳಗೆ ಒಂದೇ ಒಂದು ಎಸಳು. "ಜಗ್ಗಿನ ತಳದಲ್ಲಿ ಉಳಿದಿದ್ದು. ಪುಟಾಣಿ ಬಟ್ಟಲಿಗೆ ಬಳಿದು ಹಾಕಿದ್ದೆ. ನಿಮಗೇ."

ತಿರುಗಿಸಿ ನೋಡಿದೆ. ಬದಿಯಲ್ಲಿ ಒಂದೇ ಅಂಕಿ, 2. ಅದನ್ನು ಎದೆಗೊತ್ತಿಕೊಂಡೆ. "ನಾವಿಬ್ಬರು ಅಂತಲಾ?"

"ಶಾಲೇಲಿ ಐದಕ್ಕೆ ಎರಡು ಅಂಕ ಬಂದೋರನ್ನ ಏನ್ರೀ ಮಾಡ್ತೀರಿ?"

"ನಪಾಸು ಮಾಡಿ... ಮತ್ತೆ ಪರೀಕ್ಷೆಗೆ ಕೂರಿಸ್ತೀವಿ."

"ನಾಳೆ ಬೆಳಿಗ್ಗೆ ಎಂಟಕ್ಕೆ. ಅತ್ತೇನೇ ಪರೀಕ್ಷಕರು."

ಒಳಗಿನಿಂದ ಅಮ್ಮನ ದನಿ ಕೇಳಿಸಿತು: "ಮಗಾ, ಕೈ ಕಟ್ಕೊಂಡು ಬಾ."