ಪ್ಲಾಸ್ಟಿಕ್ ಬಿಚ್ಚದ ಟ್ರಾಲಿಯವರ ಸನ್ನಿಧಾನಕ್ಕೆ

ಮಾನ್ಯ ಟ್ರಾಲಿಯವರೇ,

ತಮ್ಮ ನಾಲ್ಕೂ ಚಕ್ರಗಳು ಕ್ಷೇಮವೆಂದು ನಂಬಿ, ಹಾಸ್ಟೆಲಿನಲ್ಲಿ ರಜೆ ಕೇಳಿ ಬರೆದದ್ದು ಬಿಟ್ಟರೆ ಕನ್ನಡದಲ್ಲಿ ಪತ್ರವನ್ನೇ ಬರೆದಿರದ, ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿಯಾದ ನಾನು, ಡ್ರಾಫ್ಟ್ ಮೇಲೆ ಡ್ರಾಫ್ಟ್ ಹರಿದುಹಾಕಿ ಈ ಬಹಿರಂಗ ಪತ್ರವನ್ನು ತಮ್ಮ ಹಿಡಿಕೆಗೆ ಅರ್ಪಿಸುತ್ತಿದ್ದೇನೆ. ತಪ್ಪಿದ್ದರೆ ಸಾರಿ.

ತಾವು ದಯಮಾಡಿಸಿರುವ ಲಾಂಡ್ರಿಯಲ್ಲೇ ನನ್ನ ಅಮ್ಮ ಹೋಟೆಲುಗಳ ಒದ್ದೆ ಚಾದರದ ಗಂಟುಗಳನ್ನು ವಾಷಿಂಗ್ ಮೆಷಿನಿನಿಂದ ಡ್ರೈಯರಿಗೆ ಹೊರುತ್ತಾಳೆ. ಆ ಹೊರೆಗೆಂದೇ ತಮ್ಮನ್ನು ತರಿಸಿದ್ದರೂ, ನೀರು ತಾಗಿ ತುಕ್ಕು ಹಿಡಿದೀತೆಂದು ಮ್ಯಾನೇಜರ್ ಸಾಹೇಬರು ಪ್ಲಾಸ್ಟಿಕ್ ಕೂಡ ಬಿಚ್ಚದೆ ತಮ್ಮನ್ನು ಅವರ ಕ್ಯಾಬಿನ್ನಿನ ಎಸಿಯಲ್ಲಿ ಸಾಕಿದ್ದಾರೆ. ಅಮ್ಮನ ಸೊಂಟಕ್ಕೆ ತುಕ್ಕಿನ ಭಯವಿಲ್ಲವಲ್ಲ!

ಕಳೆದ ವಾರ ಸುರಕ್ಷತಾ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವರೆಂದಾಗ, ಮಹಡಿಯ ಮೀಟಿಂಗ್ ರೂಮಿನಲ್ಲೇ ಅವರಿಗೆ ತಮ್ಮ ದರ್ಶನವಾಗಲೆಂದು ಆಜ್ಞೆಯಾಯಿತು. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ, ತಾವೋ ಮೆಟ್ಟಿಲು ಹತ್ತುವ ಪೈಕಿಯಲ್ಲ. ಹಾಗಾಗಿ ಅಮ್ಮನೂ ಇಸ್ತ್ರಿ ವಿಭಾಗದ ಅಕ್ಕನೂ ತಮ್ಮನ್ನು ಹೊತ್ತರು. "ಮೆಲ್ಲಗೆ ಕಣ್ರಮ್ಮಾ, ಮದುಮಗಳನ್ನ ಕರ್ಕೊಂಡು ಹೋದ ಹಾಗಿರ್ಬೇಕು" ಎಂದು ಸಾಹೇಬರು ಕೆಳಗಿನಿಂದ ಹುರಿದುಂಬಿಸಿದರಂತೆ. "ಮದುಮಗಳಾದ್ರೆ ನಡೀತಿದ್ಲು ಸಾರ್" ಎಂದು ಅಕ್ಕ ಅನ್ನುವಷ್ಟರಲ್ಲಿ, ಮೆಟ್ಟಿಲ ತಿರುವಿನಲ್ಲಿ ಅಮ್ಮನ ಸೊಂಟ ಕಳಕ್ ಎಂದಿತು, ತಾವು ಅವಳ ಕೈಯಿಂದ ಜಾರಿದಿರಿ.

ಈಗ ಮಗ್ಗುಲು ಬದಲಿಸಲೂ ಅಮ್ಮ, ಹಾಸ್ಟೆಲಿನಿಂದ ಮನೆಗೆ ಬಂದಿರುವ ನನ್ನನ್ನು ಕರೆಯಬೇಕು. ಚಿಕಿತ್ಸೆಯ ಖರ್ಚು, ರಜೆಯ ಸಂಬಳ ಕೇಳಲು ಹೋದರೆ ಸಾಹೇಬರ ಉತ್ತರ: "ನಮ್ಮಲ್ಲಿ ಟ್ರಾಲಿ ಇದೆಯಲ್ಲಮ್ಮ, ಇಲ್ಲಿ ಯಾರೂ ಏನೂ ಎತ್ತೋದೇ ಇಲ್ಲ. ನಿಮ್ಮಮ್ಮ ಮನೇಲಿ ಏನೋ ಎತ್ತಿರ್ಬೇಕು." ಎಂಥ ಲಾಜಿಕ್! ಪರೀಕ್ಷೆಯಲ್ಲಿ ನನಗೆ ಹೀಗೆ ಹೊಳೆದಿದ್ದರೆ ರ್‍ಯಾಂಕೇ ಬರುತ್ತಿತ್ತು. ಆದರೆ ಅವರೆದುರು ನನಗೆ ಬಂದದ್ದು "ಥ್ಯಾಂಕ್ಯೂ ಸಾರ್" ಒಂದೇ.

ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ಮುಸುಕು ಸರಿಸಿ ಉರುಳಿಕೊಂಡು ಬಂದು, ಅಂದು ತಮ್ಮನ್ನು ಹೊತ್ತವರಾರೆಂದು ಸಾಕ್ಷಿ ಹೇಳಬೇಕು. ಮಾತು ಬಾರದಿದ್ದರೆ ಅಮ್ಮನನ್ನು ಆಸ್ಪತ್ರೆಗಾದರೂ ಹೊತ್ತೊಯ್ಯಬೇಕು. ತಮ್ಮ ವೃತ್ತಿಜೀವನದ ಮೊದಲ ಹೊರೆ ಅದೇ ಆದೀತು.

ತಮ್ಮ ಚಕ್ರಗಳಿಗೆ ಎಣ್ಣೆ ತಪ್ಪದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ತಮ್ಮನ್ನು ಹೊತ್ತವಳ ಮಗಳು

ಮರೆತ ಮಾತು: ಇದನ್ನು ಮಡಚುವಾಗಲೇ ಅಮ್ಮನ ಫೋನಿಗೆ ಸಾಹೇಬರ ವಾಯ್ಸ್ ಮೆಸೇಜ್ ಬಂತು: "ಮೆಟ್ಟಿಲಲ್ಲಿ ಕೈಬಿಟ್ಟು ಟ್ರಾಲಿ ಬಣ್ಣ ಕಿತ್ತಿದ್ದೀರಲ್ಲಮ್ಮ, ಇದಕ್ಕೆ ಯಾರು ಜವಾಬ್ದಾರಿ?" ಇದೇ ಪ್ರಶ್ನೆಯನ್ನು ಅವರದೇ ದನಿಯಲ್ಲಿ ಕಾರ್ಮಿಕ ಅಧಿಕಾರಿಗೆ ಕೇಳಿಸಲು ನಾಳೆ ಹೊರಟಿದ್ದೇನೆ. ಭಯವಾಗುತ್ತಿದೆ, ಆದರೂ ಹೋಗುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಆ ಗೀರಿಗೆ ಬಣ್ಣ ಬಳಿಸಿಕೊಳ್ಳಬೇಡಿ.