ಮಾವನ ಬೇಟ, ಅತ್ತೆಯ ಬೆಟ್ಟ

ಮರಾಠಿ ಎಂಬ ಭಾಷೆಯೇ ಇಲ್ಲ ಎಂದು ನಂಬಿಕೊಂಡು, ಮಹಾರಾಷ್ಟ್ರದಲ್ಲೇ ಮೂವತ್ತೈದು ವರ್ಷ ಸುಖವಾಗಿ ಬದುಕಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಬೇಕಿದ್ದರೆ ಡೊಂಬಿವಲಿಗೆ ಬನ್ನಿ. ನನ್ನ ಸೋದರಮಾವ ಅಲ್ಲಿದ್ದಾನೆ. ವಿಜಯಪುರದ ಕಡೆಯಿಂದ ಬಂದು, ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಅವನ ಪ್ರಕಾರ ಮರಾಠಿ ಎಂದರೆ ಅವಸರದಲ್ಲಿ ಆಡಿದ ಕನ್ನಡ, ಅಷ್ಟೇ!

ಈ ಸಿದ್ಧಾಂತಕ್ಕೆ ಪರೀಕ್ಷೆ ಬಂದದ್ದು ಅತ್ತೆಯ ಮೊಣಕಾಲಿನ ಆಪರೇಶನ್ ಆದ ಮೇಲೆ. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಆದರೆ ಮನೆಯವರೆಲ್ಲ ಸೇರಿ ಅವಳನ್ನು ಗಾಜಿನ ಭರಣಿಯಂತೆ ಎತ್ತಿ ಇಟ್ಟುಬಿಟ್ಟಿದ್ದರು. ಕಾಯಿಪಲ್ಲೆ ತರಲು ಸ್ಟೇಷನ್ನಿನವರೆಗೂ ಬಿಡುತ್ತಿರಲಿಲ್ಲ. ಅತ್ತೆ ಹಟ ಹಿಡಿದಳು: "ಒಮ್ಮೆ ನನ್ನ ಕಾಲಿಲೇ ಗುಡ್ಡ ಹತ್ತಿ ದೇವೀನ್ನ ನೋಡ್ತೀನಿ. ಆಮ್ಯಾಲ ಯಾರೂ ನನಗ ಕೂಡು ಅನ್ನಬಾರದು." ಸಾನಪಾಡಾದಲ್ಲಿರುವ ಮಗಳು ಫೋನಿನಲ್ಲಿ, "ಆಯಿ, ಡೋಲಿ ಕರ್ ಲೇನಾ" ಎಂದಳು, ಹೊತ್ತು ಒಯ್ಯುವವರನ್ನು ಗೊತ್ತುಮಾಡಿಕೋ ಎಂದು. ಅತ್ತೆ ಫೋನ್ ಇಟ್ಟಳು. ಹತ್ತು ಮೆಟ್ಟಿಲಿಗೊಮ್ಮೆ ಕೂತು ಸುಧಾರಿಸಿಕೊಂಡರೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಾಪ, ಅವರಿಗೆ ಅತ್ತೆಯ ಪರಿಚಯ ಸಾಲದು. ಕೂಡು ಎಂದರೆ ಎದ್ದು ನಿಲ್ಲುವ ಪೈಕಿ ಆಕೆ.

ಗುಡ್ಡದ ಮೇಲಿನ ಗುಡಿ ಹುಡುಕುವ ಕೆಲಸ ಮಾವನ ಪಾಲಿಗೆ ಬಂತು. ಹೌಸಿಂಗ್ ಸೊಸೈಟಿಯ ವಾಚ್‌ಮನ್ ಒಂದು ಊರಿನ ಹೆಸರು ಹೇಳಿ, "ಬೇಟಾವರ್ ಮಂದಿರ್ ಆಹೆ" ಎಂದನಂತೆ. ಮಾವ ಕುಣಿಯುವುದೊಂದು ಬಾಕಿ. "ನಾವು ಗುಡ್ಡ ಗುಡ್ಡ ಅಂತ ಭಾಷಾ ಕೆಡಿಸಿವಿ. ಈ ಮಂದಿ ನೋಡು, ಬೆಟ್ಟ ಅಂತ ಅಚ್ಚಗನ್ನಡ ಉಳಿಸ್ಯಾರ!"

ಭಾನುವಾರ ನಾವು ಮೂವರು ದಿವಾದಲ್ಲಿ ಗಾಡಿ ಬದಲಿಸಿ, ಬಸ್ಸು ಹಿಡಿದು, ರಿಕ್ಷಾ ಹತ್ತಿದೆವು. ರಿಕ್ಷಾ ನಿಂತಿತು. ಎದುರಿಗೆ ಸಮುದ್ರ. ಅತ್ತೆಯ ಊರುಗೋಲು ಹಿಡಿದ ಮಾವ ಎಡಕ್ಕೂ ಬಲಕ್ಕೂ ಬೆಟ್ಟ ಹುಡುಕಿದ. ಅಷ್ಟರಲ್ಲಿ ದಡದಲ್ಲಿದ್ದವನೊಬ್ಬ ದೋಣಿ ತೋರಿಸಿ, "ಹೋಡಿ, ಹೋಡಿ" ಎಂದು ಕೂಗಿದ.

"ಹೊಡಿ ಅಂತಾನಲ್ಲ, ಯಾರನ್ನ?" ಎಂದ ಮಾವ.

"ನಿಮ್ಮನ್ನ" ಎಂದಳು ಅತ್ತೆ.

ಮರಾಠಿಯಲ್ಲಿ ಹೋಡಿ ಎಂದರೆ ದೋಣಿ, ಬೇಟ ಎಂದರೆ ದ್ವೀಪ. ಕಬ್ಬಿಣದ ಬಜಾರಿನಲ್ಲಿ ಇವೆರಡರ ಮಾತು ಯಾಕೆ ಬರುತ್ತದೆ, ಹೇಳಿ? ದೋಣಿಯಲ್ಲಿ ದ್ವೀಪಕ್ಕೆ ಹೋದೆವು. ಹಗ್ಗದ ಮೇಲೆ ಮೀನು ಒಣಗುತ್ತಿದ್ದವು. ಗುಡಿಗೆ ಇದ್ದದ್ದು ಒಂದೇ ಮೆಟ್ಟಿಲು. ಅತ್ತೆ ಅದನ್ನು ಹತ್ತಿ ಇಳಿದು, "ಮುಗೀತೇನ್ರಿ?" ಎಂದಳು.

ಮಾವ ಸೋತನೇ? "ದ್ವೀಪ ಅಂದ್ರೇನು? ನೀರಾಗ ಮುಳುಗಿದ ಬೆಟ್ಟದ ತುದಿ. ಹತ್ತೂ ತ್ರಾಸಿಲ್ಲದ ತುದೀಗೆ ತಂದು ನಿಲ್ಲಿಸೀನಿ." ಭೂಗೋಳ ಬಲ್ಲವರು ಉತ್ತರಿಸಲಿ.

ಮುಂದಿನ ಭಾನುವಾರ ನಿಜವಾದ ಬೆಟ್ಟಕ್ಕೆ ಹೋದೆವು. ವಿಚಾರಿಸಿದವನು ನಾನು. ಹತ್ತನೆಯ ಮೆಟ್ಟಿಲಿಗೇ ಮಾವ ಏದುಸಿರು ಬಿಟ್ಟು ಕೂತ. ಅವನನ್ನು ಬಿಟ್ಟು ಹೋಗಲಾರದೆ ಅತ್ತೆಯೂ ಕೂತಳು. ಮುಂದೆ ಹತ್ತು ಹತ್ತಿದರೆ ಅವನ ಚಪ್ಪಲಿಯ ಬಾರು ಸಡಿಲ. ಮತ್ತೆ ಹತ್ತಕ್ಕೆ ಮರಾಠಿ ಬೋರ್ಡೊಂದರ ಕನ್ನಡ ವ್ಯಾಖ್ಯಾನ. ಆಮೇಲೆ ಕಾಲು ಸೆಳೆತ. "ಕಬ್ಬಿಣದ ಬಜಾರದಾಗ ಕುಂತು ಕುಂತು ನಿಮಗ ತುಕ್ಕು ಹಿಡದೈತಿ" ಎಂದು ಅತ್ತೆ ಪ್ರತಿ ಸಲವೂ ಬೈದಳು. ಡೋಲಿಯವರು ಬಂದರು. ಅತ್ತೆಯ ಕಡೆ ನೋಡಲೂ ಇಲ್ಲ. "ಡೋಲಿ, ಕಾಕಾ?" ಎಂದು ಮಾವನನ್ನು ಕೇಳಿದರು. ಅತ್ತೆಯ ಮುಖ ನೋಡಬೇಕಿತ್ತು!

ಮೇಲೆ ಮುಟ್ಟಿದಳು, ತನ್ನ ಕಾಲಿನಿಂದಲೇ. ಗಂಟೆಯನ್ನು ಮೂರು ಸಲ ಬಾರಿಸಿದಳು. ಸಾನಪಾಡಾಕ್ಕೆ ಫೋನ್ ಹಚ್ಚಿ, "ಡೋಲಿ ಬೇಕಾಗಿದ್ದು ನಿಮ್ಮಪ್ಪಗ" ಎಂದಳು.

ಆಗ ನೆನಪಾಯಿತು, ಕೊಂಡ ತೆಂಗಿನಕಾಯಿ ನಡುದಾರಿಯ ಅಂಗಡಿಯಲ್ಲೇ ಉಳಿದಿತ್ತು. ನಾನು ಏಳುವಷ್ಟರಲ್ಲಿ ಮಾವ ಇಳಿದುಹೋಗಿದ್ದ. ಅತ್ತೆ ದರ್ಶನದ ಸಾಲಿನಲ್ಲಿ ನಿಂತಳು. ನಾನು ಕಟಕಟೆ ಹಿಡಿದು ಕೆಳಗೆ ನೋಡಿದೆ.

ಮಾವ ಕಾಯಿ ಹಿಡಿದು ಹತ್ತಿ ಬರುತ್ತಿದ್ದ. ಎಲ್ಲಿಯೂ ಕೂಡಲಿಲ್ಲ. ಎರಡೆರಡು ಮೆಟ್ಟಿಲು ಒಟ್ಟಿಗೇ ಹತ್ತುತ್ತಿದ್ದ. ಕೊನೆಯ ತಿರುವಿನಲ್ಲಿ ಅತ್ತೆಯ ಸೀರೆ ಕಂಡಿರಬೇಕು. ನಿಂತ. ಎದೆಯ ಮೇಲೆ ಕೈ ಇಟ್ಟುಕೊಂಡ. ಏದುಸಿರು ಬಿಡುತ್ತ, ಒಂದೊಂದೇ ಮೆಟ್ಟಿಲು ಹತ್ತಿ ಬಂದ.

ಅತ್ತೆ ಸಾಲು ಬಿಟ್ಟು ಬಂದು ಕೈ ಚಾಚಿದಳು. "ಹಿಡೀರಿ, ಬೀಳ್ತೀರಿ."

ಮಾವ ಹಿಡಿದ.