ಗಟ್ಟಿಮೇಳಕ್ಕೆ ಫಂಕು ಬಾರಿಸಿದ್ದು

ನಮ್ಮ ಬ್ಯಾಂಡ್ ಸೆಟ್ಟು ಎಲ್ಲಿಗೆ ಹೋದರೂ ಏನಾದರೊಂದು ಆಗೇ ತೀರೋದು. ಮಧುಗಿರಿ ಬೆಟ್ಟದ ತುದೀಲಿ ನಿಂತು ನಾನು ಟ್ರಂಪೆಟ್ ಊದಿದರೆ ಶಿರಾ ಸಂತೇಲಿ ಕುರಿಗಳು ಕಿವಿ ನಿಮಿರಿಸೋವು. ಕಣ್ಣಾರೆ ಕಂಡ ನಾಲ್ವರೂ ಈಗ ಮಣ್ಣಲ್ಲವ್ರೆ, ಹೋಗಿ ಕೇಳ್ಕೊಳ್ಳಿ. ಅಂಥ ಬ್ಯಾಂಡು ಈಗಿಲ್ಲ. ನೆನೆದರೆ ಮೈಯೆಲ್ಲಾ ಉರೀತದೆ.

೧. ಛತ್ರ ದಾಟಿದ ಮೆರವಣಿಗೆ

ನಮ್ಮ ಡ್ರಮ್ಮಿನವನು ಮೊಬೈಲಲ್ಲಿ ಫಂಕ್ ಅಂತ ಒಂದು ಹೊರದೇಶದ ಕುಣಿಯೋ ಸಂಗೀತ ತೋರಿಸಿದ. ಗುದ್ದೋದು, ಗಪ್ಪಂತ ಎಲ್ಲಾರೂ ನಿಲ್ಲಿಸೋದು, ಮತ್ತೆ ಒಟ್ಟಿಗೆ ಗುದ್ದೋದು. “ಇದೇನ್ಲಾ, ಹುಟ್ಟಿದಾಗಿಂದ ನಾನು ಊದ್ತಿರೋದು ಇದನ್ನೇ!” ಅಂದೆ. ಬೇಸ್ ಗಿಟಾರ್ ಸೇರಿಸಿದೆ. ಶಿರಾದಿಂದ ಸ್ಯಾಕ್ಸೋಫೋನ್ ಸಾಹೇಬರು ಬಂದು ಸೇರಿದರು.

ಕೊಡಿಗೇನಹಳ್ಳೀಲಿ ಮೊದಲನೇ ಮೆರವಣಿಗೆ. ಜನ ಕುಣಿದೂ ಕುಣಿದೂ ಛತ್ರ ದಾಟಿ ಮುಂದಿನ ಊರಿಗೇ ಹೋಗ್ಬುಟ್ರು. ಅಲ್ಲಿನ್ನೊಂದು ಮದುವೆ. ನಮ್ಮ ಮದ್ವೆ ಗಂಡನ್ನೂ ನೆಂಟ ಅಂದ್ಕೊಂಡು ಪಂಕ್ತೀಲಿ ಕೂರಿಸಿದ್ರು. ಹೆಣ್ಣಿನಪ್ಪ ಸ್ಕೂಟರಲ್ಲಿ ಬಂದು ಎಲೆ ಮುಂದಿಂದ ಎಬ್ಬಿಸಿದ: “ಪಾಯಸ ನಮ್ಮಲ್ಲೂ ಐತೆ, ಬಾರಪ್ಪ!”

೨. ವಾಲ್ಯೂಮು

ಆಮೇಲೆ ಬಂತಲ್ಲ ಡಿಜೆ, ಅದರ ಮನೆ ಹಾಳಾಗ! ಟ್ರ್ಯಾಕ್ಟರ್ ಮೇಲೆ ಬೀರುವಿನಂಥ ಡಬ್ಬಗಳು. ಊದೋ ಉಸಿರಿಲ್ಲ, ಬಾರಿಸೋ ಕೈಯಿಲ್ಲ. ಕೊರಟಗೆರೇಲಿ ಒಬ್ಬ ಮದ್ವೆ ಗಂಡು, “ತಾತ, ನಿಮ್ದು ವಾಲ್ಯೂಮ್ ಎಲ್ಲೈತೆ? ಸ್ವಲ್ಪ ಕಮ್ಮಿ ಮಾಡಿ” ಅಂದ. ಪಿತ್ತ ನೆತ್ತಿಗೇರಿತು.

“ನನ್ನ ಹೆಂಡ್ತಿ ನಲವತ್ತು ವರ್ಷದಿಂದ ಹುಡುಕ್ತಾವ್ಳೆ, ಸಿಕ್ಕಿಲ್ಲ ಕಣ್ಲಾ!” ಅಂದೆ.

೩. ಸೀನು

ಮದ್ವೆಗಳೆಲ್ಲಾ ಡಿಜೆ ಪಾಲಾಗಿ ಸಾಹೇಬರು ಸಪ್ಪಗಾದರು. “ಭಾಯ್, ವೈ.ಎನ್.ಹೊಸಕೋಟೆ ಮದ್ವೆ ಒಂದೈತೆ. ಅಲ್ಲಿ ಹೆಸ್ರು ಬಂದ್ರೆ ಸರಿ. ಇಲ್ಲಾಂದ್ರೆ ಬ್ಯಾಂಡ್ ಮುಚ್ಬುಡೋಣ, ನಾನು ಪಂಚರ್ ಅಂಗ್ಡಿ ನೋಡ್ಕೋತೀನಿ.”

ಅವತ್ತು ಓಲಗದವರಿಗೆ ಬಸ್ಸು ತಪ್ಪಿ, ಗಟ್ಟಿಮೇಳಾನೂ ನಮ್ಮ ತಲೆಗೇ ಬಿತ್ತು. ತಾಳಿ ಕಟ್ಟೋವಾಗ ಅಪಶಕುನದ ಸದ್ದು ಕಿವಿಗೆ ಬೀಳಬಾರದು ಅಂತ್ಲೇ ಗಟ್ಟಿಮೇಳ ಇರೋದು. ಒಂಚೂರೂ ಬಿಡುವು ಕೊಡದೆ ಬಾರಿಸಬೇಕು.

ಪುರೋಹಿತರು ಕೈ ಎತ್ತಿದರು. ಗುದ್ದಿದೆವು. ಗಂಡು ತಾಳಿ ಎತ್ತಿದ. ಫಂಕಿನ ಅಭ್ಯಾಸಬಲ ನೋಡಿ, ಆ ಡ್ರಮ್ಮಿನ ಕತ್ತೆ ಗಪ್ಪಂತ ನಿಲ್ಲಿಸಿದ. ಅವನ ಹಿಂದೆ ನಾವೂ ಗಪ್. ಆ ಚಿಟಿಕೆ ಹೊತ್ತಿನ ಮೌನದಲ್ಲಿ “ಆಕ್ಷೀ!” ಅಂತ ಒಂದು ಸೀನು. ಗಂಡಿನ ಕೈ ಗಾಳೀಲೇ ನಿಂತಿತು. ಹೆಣ್ಣಿನಜ್ಜಿ ಅಕ್ಷತೆ ತಟ್ಟೆ ಸಮೇತ ತೆಲುಗಲ್ಲೇ ಬಯ್ಕೊಂಡು ನುಗ್ಗಿ ಬಂದ್ಳು: “ಏಮಯ್ಯಾ, ಮೇಳಂ ಎಂದುಕು ಆಪಿನಾರು? ಮೇಳ ನಿಲ್ಸಿದ್ದು ಯಾರ್ಲಾ?”

ಎರಡನೇ ಸಲದ ಗಟ್ಟಿಮೇಳ ಅವಸರದಲ್ಲಿ ತರಿಸಿದ ಡಿಜೆ ಡಬ್ಬದಲ್ಲಾಯ್ತು. ಸಾಹೇಬರು ಸ್ಯಾಕ್ಸೋಫೋನನ್ನ ಪೆಟ್ಟಿಗೇಲಿಟ್ಟು ಬೀಗ ಜಡಿದರು.

“ನಮ್ಮ ಬ್ಯಾಂಡ್ ಮುಳುಗಿಸಿದ್ದು ಆ ಗಂಡಿನ ಸೋದರಮಾವನ ಸೀನು! ಅವನ ಮೂಗಿಗಷ್ಟು ಬೆಂಕಿ ಹಾಕ!” ಅಂತ ಮೊನ್ನೆ ಪಂಚರ್ ಅಂಗಡೀಲಿ ಕೂತು ಎಲ್ಲರ ಮುಂದೆ ಬಯ್ತಿದ್ದೆ.

ಸಾಹೇಬರು ಟ್ಯೂಬನ್ನ ನೀರಲ್ಲಿ ಅದ್ದುತ್ತಾ, “ಸೋದರಮಾವ ಅಡುಗೆಮನೇಲಿದ್ದ, ಭಾಯ್. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ನಶ್ಯ ಏರಿಸ್ಕೊಂಡು ಸೀನಿದ್ದು ನೀನು” ಅಂದರು.

ಟವಲು ಕೊಡವಿ ಹೆಗಲಿಗೆ ಹಾಕ್ಕೊಂಡೆ.

“ಇರ್ಬೋದು. ತಾಳಕ್ಕೆ ಸರಿಯಾಗಿ ಸೀನಿದ್ನೋ ಇಲ್ವೋ, ಅದು ಹೇಳಿ!”